ಅಮರಿಲ್ಲಿಸ್‌ಗೆ ಕೆಂಪು ಕಲೆ

ಮಳೆ ಶುರುವಾದರೆ ಸಾಕು, ಮೈಸೂರಿನ ನಮ್ಮ ಬೀದಿಯ ಅಮರಿಲ್ಲಿಸ್ ಅನ್ನೋ ಗೆಡ್ಡೆ ಹೂಗಿಡದ ಎಲೆಗಳ ಮೇಲೆ ಇಟ್ಟಿಗೆ ಬಣ್ಣದ ಕಲೆ ಶುರು. ಸ್ಟ್ಯಾಗನೊಸ್ಪೊರಾ ಅನ್ನೋ ಶಿಲೀಂಧ್ರ ಅದು. ನೀರಿನ ಹನಿ ಸಿಡಿದಾಗ ಎಲೆಯಿಂದ ಎಲೆಗೆ ಹಬ್ಬುತ್ತದೆ. ದಂಟಿಗೆ ತಗುಲಿದರೆ ಕಲೆ ಇರುವ ಕಡೆಗೇ ಬಾಗಿ, ಮೊಗ್ಗು ಸೊಟ್ಟಗಾಗುತ್ತದೆ.

ಕಲೆಬಿದ್ದ ಎಲೆ ಕಿತ್ತು ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ನೀರು ಬುಡಕ್ಕಷ್ಟೇ, ಗೆಡ್ಡೆಯ ಕತ್ತು ಮಣ್ಣಿನ ಮೇಲಿರಲಿ. ಜಾಸ್ತಿಯಾದರೆ ಕಾಪರ್ ಆಕ್ಸಿಕ್ಲೋರೈಡ್ ಅನ್ನೋ ಶಿಲೀಂಧ್ರನಾಶಕ ಸಿಂಪಡಿಸಬಹುದು. ಅಂದ ಹಾಗೆ, ಗೆಡ್ಡೆಗೆ ಸುಮ್ನೆ ಗಾಯವಾದರೂ ಕೆಂಪಾಗುತ್ತದೆ. ಗಾಬರಿ ಬೇಡ.

ಎಲೆ ಉದ್ದಕ್ಕೂ ಹಳದಿ ಪಟ್ಟೆ, ಮಚ್ಚೆ ಬಂದರೆ ಮೊಸಾಯಿಕ್ ವೈರಸ್ ಇರಬಹುದು. ಅದಕ್ಕೆ ಮದ್ದಿಲ್ಲ, ಗಿಡವನ್ನೇ ಕಿತ್ತೆಸೆಯಬೇಕು. ಹಾಗಿದ್ದೂ ಗಿಡ ಹೂ ಬಿಡುತ್ತದೆ ನೋಡಿ, ಅದೇ ಕಷ್ಟ. ಹೂ ಬಿಡುವ ಗಿಡ ಕೀಳೋಕೆ ಯಾರಿಗೆ ಕೈ ಬರುತ್ತೆ? ಆದರೆ ಆ ಗಿಡ ಕತ್ತರಿಸಿದ ಚಾಕುವಿನಿಂದ ಪಕ್ಕದ ಕುಂಡಕ್ಕೂ ರೋಗ ದಾಟಬಹುದು ಅಲ್ವಾ?