ಹರ್ಗೇಸಾದ ಬುತ್ತಿ

ಆಡಿಸ್ ಅಬಾಬಾದಲ್ಲಿ ವಿಮಾನ ಬದಲಿಸಿ ಹರ್ಗೇಸಾದಲ್ಲಿ ಇಳಿದೆ. ಪೂರ್ವ ಆಫ್ರಿಕಾದ ಸೊಮಾಲಿಲ್ಯಾಂಡಿನ ರಾಜಧಾನಿ ಇದು. 1988ರಲ್ಲಿ ಇದೇ ಏರ್‌ಪೋರ್ಟಿನಿಂದ ಎದ್ದ ಸೊಮಾಲಿಯಾ ಸರ್ಕಾರದ ವಿಮಾನಗಳು ಇದೇ ಊರಿನ ಮೇಲೆ ಬಾಂಬ್ ಸುರಿದವು. ಅಂಥ ಒಂದು ಮಿಗ್ ವಿಮಾನವನ್ನು ಊರ ನಡುವೆ ಎತ್ತರದಲ್ಲಿ ನಿಲ್ಲಿಸಿದ್ದಾರೆ. 1991ರಲ್ಲಿ ಸೊಮಾಲಿಯಾದ ಸರ್ಕಾರ ಬಿತ್ತು, ಬ್ಯಾಂಕುಗಳೂ ಅದರ ಜೊತೆಗೇ ಮುಳುಗಿದವು. ಸೊಮಾಲಿಲ್ಯಾಂಡ್ ಬೇರೆಯಾಯಿತು. ಆದರೆ ಹೆಚ್ಚಿನ ದೇಶಗಳು ಇವತ್ತಿಗೂ ಅದನ್ನು ಒಪ್ಪಿಲ್ಲ.

ಸಂತೆಯಲ್ಲಿ ಹಣ ಬದಲಿಸುವವರು ಬೀದಿಯಲ್ಲೇ ಕೂತಿದ್ದರು. ಮುಂದೆ ಶಿಲ್ಲಿಂಗ್ ನೋಟಿನ ಕಟ್ಟುಗಳು, ಗೋಡೆಗೆ ಇಟ್ಟಿಗೆ ಜೋಡಿಸಿದ ಹಾಗೆ. ಒಂದು ಡಾಲರಿಗೆ ಸಾವಿರಾರು ಶಿಲ್ಲಿಂಗ್. ಹತ್ತು ಡಾಲರ್ ಕೊಟ್ಟು ಜೇಬು ತುಂಬಿಕೊಂಡೆ.

ಆದರೆ ಆ ನೋಟು ಖರ್ಚಾಗಲೇ ಇಲ್ಲ. ಒಂಟೆ ಹಾಲು ಮಾರುವ ಹೆಂಗಸಿನ ಪಕ್ಕದ ಹಲಗೆಯ ಮೇಲೆ ಪೇಂಟಿನಲ್ಲಿ ಒಂದು ನಂಬರ್ ಬರೆದಿತ್ತು. ಗಿರಾಕಿ ತನ್ನ ಹಳೇ ಬಟನ್ ಫೋನಿನಲ್ಲಿ ಏನೋ ಒತ್ತಿದ. ಅವಳ ಫೋನ್ ಕಿಣಿ ಅಂದಿತು. ಹಾಲು ಸುರಿಯುವುದನ್ನು ನಿಲ್ಲಿಸಿ, ಕಣ್ಣು ಕಿರಿದು ಮಾಡಿ ಅಂಕಿ ನೋಡಿದಳು. ಮತ್ತೆ ಸುರಿದಳು. ಅಷ್ಟೇ.

ಫೋನಿನಲ್ಲೇ ದುಡ್ಡು ದಾಟಿಸುವ ಇದರ ಹೆಸರು ಜಾದ್. ಟೆಲಿಸೋಮ್ ಎಂಬ ಫೋನ್ ಕಂಪನಿ 2009ರಲ್ಲಿ ಶುರು ಮಾಡಿದ್ದು. ಇಂಟರ್ನೆಟ್ ಬೇಡ, ಬ್ಯಾಂಕ್ ಖಾತೆಯೂ ಬೇಡ. ಜಾದ್ ಅಂದರೆ ದಾರಿಗೆ ಕಟ್ಟಿಕೊಳ್ಳುವ ಬುತ್ತಿ. ಎಂಥ ಹೆಸರು, ಅಲ್ವಾ? ನಮ್ಮಲ್ಲಿ ಮೊದಲು ಬ್ಯಾಂಕ್ ಬಂತು, ಆಮೇಲೆ ಫೋನಿನಲ್ಲಿ ದುಡ್ಡು. ಇಲ್ಲಿ ಬ್ಯಾಂಕಿಗೆ ಕಾಯುತ್ತಾ ಕೂರಲು ಯಾರಿಗೂ ಪುರುಸೊತ್ತಿರಲಿಲ್ಲ.

ಬುತ್ತಿ ತುಂಬುವುದು ಹೆಚ್ಚಾಗಿ ಪರದೇಶದಲ್ಲಿರುವ ಮಕ್ಕಳು, ತಮ್ಮಂದಿರು. ಅವರ ದುಡ್ಡು ದಹಬ್‌ಶೀಲ್‌ನಂಥ, ದೇಶದಿಂದ ದೇಶಕ್ಕೆ ದುಡ್ಡು ದಾಟಿಸುವ ಹವಾಲಾ ಕಂಪನಿಗಳ ಮೂಲಕ ಬರುತ್ತದೆ. ಆ ದಾರಿಗೆ ದೂರದಲ್ಲೆಲ್ಲೋ ಬೇಲಿ ಬೀಳುತ್ತದೆ. ಉಗ್ರರಿಗೆ ದುಡ್ಡು ಹೋಗುತ್ತದೆ ಎಂಬ ಅನುಮಾನದ ಮೇಲೆ 2001ರಲ್ಲಿ ಅಮೆರಿಕ ಅಲ್ ಬರಕಾತ್ ಎಂಬ ಇಂಥದ್ದೇ ಕಂಪನಿಯನ್ನು ಮುಚ್ಚಿಸಿತು. 2013ರಲ್ಲಿ ಬ್ರಿಟನ್ನಿನ ಬಾರ್‌ಕ್ಲೇಸ್ ಬ್ಯಾಂಕ್ ಇಂಥ ಹಲವು ಕಂಪನಿಗಳ ಖಾತೆ ನಿಲ್ಲಿಸಲು ಹೊರಟಿತು. ಉಗ್ರರ ಕೈಗೆ ದುಡ್ಡು ಸೇರಬಾರದು, ನಿಜ. ಅದಕ್ಕಾಗಿ ಸಾವಿರಾರು ಮನೆಗಳ ಒಲೆ ಆರಿಸುವುದು ಅನ್ಯಾಯ ಅಂತಲೇ ನನಗೆ ಅನಿಸುತ್ತದೆ.

ಹೊರಡುವ ದಿನ ಹೋಟೆಲಿನ ಹುಡುಗ ಏಲಕ್ಕಿ ಚಹಾ ತಂದ. ಅವನ ಫೋನಿಗೆ ಮೆಸೇಜು ಬಂತು. ಅಣ್ಣ ಲಂಡನ್ನಿನಿಂದ ಕಳಿಸಿದ್ದಾನಂತೆ, ಐವತ್ತು ಡಾಲರ್. ನನಗೂ ತೋರಿಸಿದ. ನಿಂತಲ್ಲೇ ಇಪ್ಪತ್ತು ಡಾಲರನ್ನು ಅಮ್ಮನ ನಂಬರಿಗೆ ದಾಟಿಸಿ, ಖಾಲಿ ಲೋಟ ತೆಗೆದುಕೊಂಡು ಹೋದ.