ಆಟಿಯ ಮಳೆ, ತೂತು ಬಿದ್ದ ರಕ್ತಕಣ

ಜುಲೈ 22, ಮಂಗಳವಾರ

"ಸರ್, ನನ್ನ ರಕ್ತದ ಕಣಗಳೆಲ್ಲ ತೂತು ತೂತು. ನನಗೆ ಏನಾದ್ರೂ ಇರಬಹುದಾ?"

ಕೇಳಿದವಳು ನಮ್ಮ ಪ್ರಾಕ್ಟಿಕಲ್ ಕ್ಲಾಸಿನಲ್ಲಿ ತನ್ನದೇ ರಕ್ತವನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದ ಪೆರ್ಲ ಕಡೆಯ ಹುಡುಗಿ. ಹೆದರಿಕೆ ಮುಖದಲ್ಲೇ ಇತ್ತು. ಆಯಿಲ್ ಇಮ್ಮರ್ಶನ್ ಲೆನ್ಸಿನಲ್ಲಿ ನೋಡಿದರೆ ಹೌದು, ಒಂದೊಂದು ಕೆಂಪುಕಣದ ನಡುವೆಯೂ ಹೊಳೆಯುವ ಬಿಳಿ ಗುಂಡಿ, ಪಂಚಿಂಗ್ ಮೆಷಿನಿನಲ್ಲಿ ಹೊಡೆದ ಹಾಗೆ ಚೊಕ್ಕ ಅಂಚು. ಫೈನ್ ಫೋಕಸನ್ನು ತುಸು ಆಚೀಚೆ ತಿರುಗಿಸಲು ಹೇಳಿದೆ. ಹೊಳಪು ಮಿನುಗಿತು, ಮತ್ತೆ ಕಪ್ಪಾಯಿತು. ಹಾಗಾದರೆ ಇದು ರೋಗವಲ್ಲ, ನೀರು.

ಕಬ್ಬಿಣದ ಕೊರತೆಯಿಂದ ಕಣ ಬಿಳಿಚಿಕೊಂಡರೆ ನಡುವಿನ ಬಿಳಿ ಹೀಗೆ ಗೆರೆ ಕೊರೆದಂತೆ ಕಾಣುವುದಿಲ್ಲ. ಅಂಚಿನ ಬಣ್ಣ ಮೆಲ್ಲಮೆಲ್ಲಗೆ ತೆಳುವಾಗುತ್ತ ನಡುವಿಗೆ ಹೋಗಿ ಕರಗುತ್ತದೆ, ಫೋಕಸ್ ತಿರುಗಿಸಿದರೂ ಮಿನುಗುವುದಿಲ್ಲ. ಈ ವ್ಯತ್ಯಾಸ ಒಮ್ಮೆ ಕಣ್ಣಿಗೆ ಹತ್ತಿದರೆ ಸಾಕು, ಪುಸ್ತಕದ ಚಿತ್ರ ಮತ್ತೆ ಬೇಡ.

ನೀರು ಎಲ್ಲಿಂದ ಬಂತು ಎಂದರೆ, ಆಟಿಯ, ಅಂದರೆ ತುಳುವರ ಜಡಿಮಳೆಯ ತಿಂಗಳಿನ ಗಾಳಿಯಿಂದ. ಕಾಸರಗೋಡಿನಲ್ಲಿ ಈ ತಿಂಗಳು ಬಟ್ಟೆ ಒಣಗುವುದಿಲ್ಲ, ಹಪ್ಪಳ ಒಣಗುವುದಿಲ್ಲ, ಗಾಜಿಗೆ ತೆಳ್ಳಗೆ ಸವರಿದ ರಕ್ತ, ನಮ್ಮ ಸ್ಮಿಯರ್, ಮಾತ್ರ ಒಣಗೀತೇ? ಗಾಜಿನ ಮೇಲೆ ಎಳೆದ ರಕ್ತ ಅರ್ಧ ನಿಮಿಷದೊಳಗೆ ಒಣಗಬೇಕು. ನಿಧಾನವಾದಷ್ಟೂ ಕಣಗಳ ರೂಪ ಕೆಡುತ್ತದೆ. ಎರಡನೆಯ ಕಳ್ಳ ಬಣ್ಣದ ಪುಡಿ ಕರಗಿಸುವ ಮೆಥನಾಲ್. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಅದರಲ್ಲಿ 1 ಶೇಕಡಾ ನೀರು ಸೇರಿದರೂ ಕಣ ಕೆಡಬಹುದು, ಅದಕ್ಕೂ ಹೆಚ್ಚಾದರೆ ತೂತುಗಳ ಜಾತ್ರೆಯೇ. ಕಣಗಳು ಕಾಣುವಂತೆ ಹಾಕುವ ಲೀಶ್ಮನ್ ಬಣ್ಣವೆಂದರೆ 100 ಮಿ.ಲೀ. ಮೆಥನಾಲಿನಲ್ಲಿ 0.15 ಗ್ರಾಂ ಪುಡಿ. ಆ ಬಾಟಲಿಯ ಮುಚ್ಚಳ ತೆಗೆದಿಟ್ಟು ಮಕ್ಕಳು ಮಧ್ಯಾಹ್ನದ ತನಕ ಹರಟೆ ಹೊಡೆದರೆ ಮತ್ತೇನಾಗುತ್ತದೆ? ಫ್ರಿಜ್‌ನಿಂದ ತೆಗೆದ ತಣ್ಣನೆ ಬಾಟಲಿಯನ್ನು ಆಗಲೇ ತೆರೆಯುವುದಂತೂ ಇನ್ನೂ ಕೇಡು. ಹೊರಗಿನ ತೇವ ಒಳಗೇ ಹನಿಗಟ್ಟುತ್ತದೆ.

ಹೇರ್ ಡ್ರೈಯರ್ ತಣ್ಣನೆ ಗಾಳಿಯಲ್ಲಿಟ್ಟು ಒಣಗಿಸಲು ಹೇಳಿದೆ. ಬಿಸಿ ಗಾಳಿ ಬೇಡ. ಬಣ್ಣವನ್ನು ಸಣ್ಣ ಸಣ್ಣ ಡ್ರಾಪರ್ ಬಾಟಲಿಗಳಿಗೆ ಹಂಚಿ ಬಿಗಿಯಾಗಿ ಮುಚ್ಚಿಡುವುದು. ಎರಡನೇ ಸ್ಲೈಡಿನಲ್ಲಿ ತೂತಿಲ್ಲ. ಹುಡುಗಿಯ ಮುಖದಲ್ಲಿ ಬಣ್ಣ ಬಂತು.

ಆದರೆ ಸ್ಲೈಡಿಗೆ ಬಣ್ಣ ಸರಿ ಬರಲಿಲ್ಲ. ನ್ಯೂಕ್ಲಿಯಸ್ ಪೇಲವ, ಉಳಿದದ್ದೆಲ್ಲ ಗುಲಾಬಿ. ಆಮ್ಲ-ಕ್ಷಾರದ ಮಟ್ಟ ಕದಲದಂತೆ ಹಿಡಿದಿಡುವ ಬಫರ್ ದ್ರಾವಣದ ಬದಲಿಗೆ ನಳ್ಳಿ ನೀರು ಸುರಿದಿದ್ದಳು. ನಮ್ಮ ಮುರಕಲ್ಲಿನ ಊರುಗಳಲ್ಲಿ ಬಾವಿ ನೀರು, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಕುಡಿಯಲು ಸಿಹಿ, ಆದರೆ ಹೆಚ್ಚಾಗಿ ತುಸು ಆಮ್ಲೀಯ. ಲೀಶ್ಮನ್‌ಗೆ ಬೇಕಾದ ಪಿಎಚ್ 6.8. ಅದಕ್ಕಿಂತ ಕೆಳಗಿಳಿದರೆ, ಅಂದರೆ ಆಮ್ಲ ಹೆಚ್ಚಾದರೆ, ಅದರಲ್ಲಿನ ಗುಲಾಬಿ ಬಣ್ಣ ಇಯೋಸಿನ್ ಮೆರೆಯುತ್ತದೆ, ಮೇಲೆ ಹೋದರೆ ಎಲ್ಲವೂ ನೀಲಿ. ಬಣ್ಣ ಹಾಕಿ 2 ನಿಮಿಷ ಬಿಡಬೇಕು, ಕಣಗಳು ಗಾಜಿಗೆ ಕಚ್ಚಿಕೊಳ್ಳುವುದು ಆಗಲೇ. ಮೇಲೆ ಎರಡು ಪಾಲು ಬಫರ್ ಸೇರಿಸಿ ಮೆಲ್ಲಗೆ ಊದಿ ಬೆರೆಸಿ 7ರಿಂದ 10 ನಿಮಿಷ. ತೊಳೆಯುವಾಗ ಬಣ್ಣವನ್ನು ಬಗ್ಗಿಸಿ ಚೆಲ್ಲಬಾರದು. ಸ್ಲೈಡ್ ಮಟ್ಟಸವಾಗಿರುವಾಗಲೇ ನೀರು ಬಿಟ್ಟು ಮೇಲಿನ ಕೆನೆಯನ್ನು ತೇಲಿಸಿ ಹೊರಹಾಕಬೇಕು. ಇಲ್ಲವಾದರೆ ಆ ಕೆನೆ ಕೆಳಗಿಳಿದು ಕೂರುತ್ತದೆ, ಮಕ್ಕಳು ಅದನ್ನೇ ಪ್ಲೇಟ್‌ಲೆಟ್ ಎಂದು ಎಣಿಸುತ್ತಾರೆ.

ಬೆರಳು ಚುಚ್ಚುವುದರ ಬಗ್ಗೆ ಬರೆಯುವುದೇನಿಲ್ಲ. ಸ್ಪಿರಿಟ್ ಪೂರ್ತಿ ಆರಲಿ, ಮೊದಲ ಹನಿ ಒರೆಸಿ ಬಿಡಿ, ಹಿಂಡಬೇಡಿ, ಒಬ್ಬರಿಗೆ ಒಂದು ಲ್ಯಾನ್ಸೆಟ್. ಹೆಪಟೈಟಿಸ್ ಬಿ ಲಸಿಕೆ ಕೋರ್ಸು ಸೇರಿದ ಕೂಡಲೇ ಶುರು ಮಾಡಿ, ಮೂರು ಡೋಸು ಮುಗಿಯಲು ಆರು ತಿಂಗಳು ಬೇಕು.

ಸಂಜೆ ರೆಕಾರ್ಡ್ ಪುಸ್ತಕಗಳನ್ನು ತೆರೆದಾಗ ಪಿತ್ತ ನೆತ್ತಿಗೇರಿತು. ಒಬ್ಬಳದ್ದು ಬಿಟ್ಟರೆ ಇಡೀ ಬೆಂಚಿನ ಡಿಫರೆನ್ಷಿಯಲ್ ಕೌಂಟ್, ಅಂದರೆ ನೂರು ಬಿಳಿಕಣಗಳಲ್ಲಿ ಯಾವ ಬಗೆ ಎಷ್ಟು ಎಂಬ ಲೆಕ್ಕ, ಒಂದೇ: ನ್ಯೂಟ್ರೊಫಿಲ್ 62, ಲಿಂಫೋಸೈಟ್ 30, ಇಯೋಸಿನೊಫಿಲ್ 3, ಮೊನೊಸೈಟ್ 5, ಬೇಸೊಫಿಲ್ 0. ಒಬ್ಬನ ರಕ್ತ ಎಲ್ಲರ ಮೈಯಲ್ಲೂ ಹರಿಯುತ್ತಿದೆಯೋ? ಬರೇ 100 ಕಣ ಎಣಿಸಿದಾಗ ನಿಜವಾದ 60 ಶೇಕಡಾ ಎಂಬುದು 50 ಆಗಿಯೂ ಬರಬಹುದು, 70 ಆಗಿಯೂ ಬರಬಹುದು. ಒಬ್ಬನೇ ಒಂದೇ ಸ್ಲೈಡನ್ನು ಎರಡು ಸಲ ಎಣಿಸಿದರೂ ಒಂದೇ ಲೆಕ್ಕ ಸಿಕ್ಕುವುದು ಅಪರೂಪ. ಇಯೋಸಿನೊಫಿಲ್ 3 ಬಂದದ್ದಕ್ಕೂ 7 ಬಂದದ್ದಕ್ಕೂ ನಡುವೆ 100 ಕಣದ ಎಣಿಕೆಯಲ್ಲಿ ದೊಡ್ಡ ಅರ್ಥವಿಲ್ಲ. ಹುಳದ ಬಾಧೆಯೋ ಅಲರ್ಜಿಯೋ ಎಂದು ಸಂಶಯ ಬಂದರೆ 200 ಎಣಿಸಲಿ.

ಎಣಿಸುವ ಜಾಗವೂ ಮುಖ್ಯ. ಸ್ಮಿಯರಿನ ನಾಲಗೆಯ ತುದಿಗೆ, ಅಂಚಿಗೆ ನ್ಯೂಟ್ರೊಫಿಲ್, ಮೊನೊಸೈಟ್‌ನಂಥ ದೊಡ್ಡ ಕಣಗಳು ಒತ್ತಿಕೊಂಡು ಹೋಗುತ್ತವೆ, ಲಿಂಫೋಸೈಟ್ ನಡುವೆ ಉಳಿಯುತ್ತದೆ. ಅದಕ್ಕೇ ಕೋಟೆಯ ತೆನೆಯ ದಾರಿಯಲ್ಲಿ ಅಂಚಿನಿಂದ ಒಳಗೆ, ಪಕ್ಕಕ್ಕೆ, ಮತ್ತೆ ಅಂಚಿಗೆ ಎಂದು ಸಾಗುವುದು. ಬೇಕಲ ಕೋಟೆ ನೋಡಿದ ಮಕ್ಕಳಿಗೆ ಇದನ್ನು ಬೋರ್ಡಿನಲ್ಲಿ ಬಿಡಿಸಿ ತೋರಿಸಬೇಕಾಗಿಲ್ಲ. ರಕ್ತ ಎಳೆಯುವ ಗಾಜು, ಸ್ಪ್ರೆಡರ್, 30ರಿಂದ 45 ಡಿಗ್ರಿ ಓರೆಯಲ್ಲಿ ಒಂದೇ ಸಮನೆ ಹೋಗದೆ ತಡವರಿಸಿದ್ದರೆ ಮಾತ್ರ ಯಾವ ದಾರಿಯೂ ಕೈಹಿಡಿಯದು. ಅಂಥ ಸ್ಲೈಡನ್ನು ಎಸೆದು ಬೇರೆ ಎಳೆಯುವುದೇ ಸರಿ. ರೆಕಾರ್ಡಿನಲ್ಲಿ ನ್ಯೂಟ್ರೊಫಿಲ್ 48 ಎಂದು ಬರೆದವಳು ಅವಳೊಬ್ಬಳೇ, ಪೆರ್ಲದವಳು. ಅದರ ಪಕ್ಕ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ. ಆ ಸಂಖ್ಯೆಗೆ ಸಹಿ ಹಾಕಿದೆ.

ನಾಡಿದ್ದು ಆಸ್ಮಾಟಿಕ್ ಫ್ರಜಿಲಿಟಿ, ಎಷ್ಟು ತೆಳು ಉಪ್ಪು ನೀರಿನಲ್ಲಿ ಕೆಂಪುಕಣ ಒಡೆಯುತ್ತದೆ ಎಂದು ನೋಡುವ ಪರೀಕ್ಷೆ. 0.9 ಶೇಕಡಾದಿಂದ ಇಳಿಯುತ್ತ 0.3ರವರೆಗೆ ಉಪ್ಪು ನೀರಿನ ಸಾಲು ಟ್ಯೂಬುಗಳು. ಮಾಮೂಲಿ ರಕ್ತ 0.5ರ ಹತ್ತಿರ ಒಡೆಯಲು ಶುರುವಾಗಿ 0.3ಕ್ಕೆ ಬರುವಾಗ ಪೂರ್ತಿ ಕರಗಿರುತ್ತದೆ. ಮಳೆಗೆ ನಾಳೆ ಕಲೆಕ್ಟರ್ ರಜೆ ಕೊಡ್ತಾರೋ ಎಂದು ಮಕ್ಕಳೆಲ್ಲ ಮೊಬೈಲ್ ಹಿಡಿದು ಕೂತಿದ್ದಾರೆ. ಕೊಟ್ಟರೆ ಸ್ಟಾಕ್ ದ್ರಾವಣ ಯಾರು ಮಾಡುವುದು? ಉಪ್ಪು ಬೇರೆ ಈ ಹವೆಯಲ್ಲಿ ನೀರೆಳೆದಿರುತ್ತದೆ, ಒಲೆಯಲ್ಲಿ ಒಣಗಿಸದೆ ತೂಗಿದರೆ 0.9 ಎಂದು ಬರೆದ ಟ್ಯೂಬಿನಲ್ಲಿ ಅಷ್ಟು ಇರುವುದೇ ಇಲ್ಲ, ಆಮೇಲೆ ಮತ್ತೆ ಯಾರಾದರೂ ಬಂದು ಸರ್, ನನ್ನ ರಕ್ತ