ಬ್ಲೋವರ್ ಬದಲಿಸುವ ಮುನ್ನ ಕೌಲ್ ಬಿಚ್ಚಿ ನೋಡಿ

ನಮ್ಮ ಕರಾವಳಿಯ ಹಳೆಯ ಮೋಟರ್‌ಹೋಮ್‌ನಲ್ಲಿ (ಒಳಗೇ ವಾಸಿಸಬಹುದಾದ ಗಾಡಿ) ಡ್ಯಾಶ್‌ಬೋರ್ಡಿನ ಬ್ಲೋವರ್, ಅಂದರೆ ಒಳಗೆ ಗಾಳಿ ಊದುವ ಫ್ಯಾನ್, ನಿಂತರೆ ಹೊಸ ಮೋಟರ್ ಹಾಕಿ ಸುಮ್ಮನಾಗಬೇಡಿ. ಇಲ್ಲಿ ಮೋಟರ್ ಕೆಡುವುದು ಹೆಚ್ಚಾಗಿ ನೀರಿನಿಂದ. ಪಣಂಬೂರು, ಮಲ್ಪೆ ಕಡೆ ಗಾಳಿಮರದ ಅಡಿ ನಿಲ್ಲಿಸಿದ ಗಾಡಿಯ ಕೌಲ್‌ನಲ್ಲಿ, ಅಂದರೆ ಮುಂದಿನ ಗಾಜಿನ ಬುಡದ ತೊಟ್ಟಿಯಲ್ಲಿ, ಸೂಜಿಯಂಥ ಎಲೆಗಳು ಸೇರಿ ನೀರು ಇಳಿಯುವ ರಂಧ್ರ ಕಟ್ಟಿಕೊಳ್ಳುತ್ತದೆ. ವರ್ಷಕ್ಕೆ 3,500 ಮಿ.ಮೀ.ಗೂ ಮೀರಿ ಮಳೆ ಬೀಳುವ ಊರು ನಮ್ಮದು. ನಿಂತ ನೀರು ತಗಡನ್ನು ತಿಂದು, ಸಂದಿಯಿಂದ ಬ್ಲೋವರ್ ಮೇಲೆ ತೊಟ್ಟಿಕ್ಕುತ್ತದೆ.

ಮೊದಲು ದೋಷ ಎಲ್ಲಿದೆ ಎಂದು ಹುಡುಕಿ. ಕೊನೆಯ ಸ್ಪೀಡ್ ಮಾತ್ರ ಓಡಿದರೆ, ಸ್ಪೀಡ್ ತಗ್ಗಿಸುವ ರೆಸಿಸ್ಟರ್ ಹೋಗಿದೆ. ಯಾವುದೂ ಓಡದಿದ್ದರೆ ಫ್ಯೂಸ್, ರಿಲೇ ನೋಡಿ, ಆಮೇಲೆ ಫ್ಯೂಸ್ ಇರುವ ವೈರಿನಿಂದ ಮೋಟರಿಗೆ ನೇರ 12 ವೋಲ್ಟ್ ಕೊಡಿ. ಕನೆಕ್ಟರ್ ಕರಗಿದ್ದರೆ ಅದನ್ನಷ್ಟೇ ಬದಲಿಸುವುದು ದುಡ್ಡು ದಂಡ: ಶಾಫ್ಟ್ ಹಿಡಿದಿಡುವ ಬುಷ್ ಸವೆದು ಬಿಗಿಯಾದ ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಹೊಸ ಕನೆಕ್ಟರೂ ಕರಗುತ್ತದೆ.

ತುಕ್ಕಿನ ಕೆಲಸ ಮುಗಿಯದೆ ಹೊಸ ಬ್ಲೋವರ್ ಕೂರಿಸಬಾರದು. ಕೌಲ್ ಬಿಚ್ಚಿ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ತುಕ್ಕಿನ ಗುಳಿಯಲ್ಲಿ ಉಪ್ಪು ಉಳಿದರೆ ಯಾವ ಪೇಂಟೂ ನಿಲ್ಲುವುದಿಲ್ಲ. ಒಣಗಿದ ಮೇಲೆ ಸ್ಕ್ರೂಡ್ರೈವರ್‌ನಿಂದ ಕುಕ್ಕಿ ನೋಡಿ. ತೂತು ಬಿದ್ದ ಕಡೆ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆಯಬೇಕು. ಪ್ಯಾಚಿಗೆ 1 ಮಿ.ಮೀ. ಸಿಆರ್ (ಕೋಲ್ಡ್ ರೋಲ್ಡ್ ಉಕ್ಕಿನ) ಶೀಟ್ ಸಾಕು. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಹತ್ತಿರದ ಫೋಮ್, ವೈರಿಂಗ್ ಸರಿಸಿ. ಮಿಗ್ ವೆಲ್ಡಿಂಗ್‌ನಲ್ಲಿ (ತಂತಿ ತಾನಾಗಿ ಬರುವ ವಿದ್ಯುತ್ ವೆಲ್ಡಿಂಗ್) 25-30 ಮಿ.ಮೀ.ಗೊಂದು ಟ್ಯಾಕ್, ಅಂದರೆ ಚುಕ್ಕಿಯಷ್ಟು ವೆಲ್ಡ್, ಹಾಕಿ, ತಣಿಯಲು ಬಿಟ್ಟು, ನಡುವಿನ ಜಾಗ ತುಂಬಿಸುತ್ತ ಹೋಗಿ. ಗ್ಯಾಸ್ ವೆಲ್ಡಿಂಗ್‌ನ ಬಿಸಿಗೆ ತಗಡು ಸೊಟ್ಟಗಾಗುತ್ತದೆ.

ತೂತಾಗದ ಕಡೆ ವೈರ್ ಬ್ರಷ್, 80 ನಂಬರ್ ಸ್ಯಾಂಡ್‌ಪೇಪರ್. ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿಸುವ ದ್ರಾವಣ) ಹಚ್ಚುವುದಾದರೆ ಡಬ್ಬಿಯಲ್ಲಿ ಹೇಳಿದಂತೆ ಅದರ ಉಳಿಕೆ ತೆಗೆಯಿರಿ; ಆಸಿಡ್ ಪಸೆಯ ಮೇಲೆ ಎಪಾಕ್ಸಿ ಹಿಡಿಯುವುದಿಲ್ಲ. ಎರಡು ಕೋಟ್ ಎಪಾಕ್ಸಿ ಪ್ರೈಮರ್, ಜೋಡಣೆಗೆ ಸೀಮ್ ಸೀಲರ್, ಅದರ ಮೇಲೆ ಪೇಂಟ್, ಒಳಗಿನ ಟೊಳ್ಳು ಜಾಗಕ್ಕೆ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ). ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತುವ, ಟಾರ್ ಬಳಿಯುವ ರೂಢಿಯನ್ನು ದಯವಿಟ್ಟು ಬಿಡಿ. ಪುಟ್ಟಿ ತೇವ ಹೀರುತ್ತದೆ, ಟಾರ್ ನೀರನ್ನು ಒಳಗೇ ಹಿಡಿದಿಡುತ್ತದೆ. ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಸಮಯ, ತಡವಾದರೂ ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ದಿನ) ಮೊದಲು ಮುಗಿಸಿ.

ಬ್ಲೋವರ್ ಕೂರಿಸುವುದು ಇದರ ಮುಂದೆ ಸುಲಭ. ಸಾಮಾನ್ಯವಾಗಿ ಗ್ಲೋವ್ ಬಾಕ್ಸ್ ಹಿಂದೆ ಮೂರು ಸ್ಕ್ರೂ, ಒಂದು ಕನೆಕ್ಟರ್. ಹೊಸ ಮೋಟರಿನ ಶಾಫ್ಟ್ ದಪ್ಪ, ತಿರುಗುವ ದಿಕ್ಕು ಹಳೆಯದರೊಂದಿಗೆ ಹೋಲಿಸಿ. ವೈರ್ ಅದಲುಬದಲಾದರೆ ಫ್ಯಾನ್ ಉಲ್ಟಾ ತಿರುಗುತ್ತದೆ, ಆದರೂ ಗಾಳಿ ಅದೇ ಕಡೆ ಸ್ವಲ್ಪ ಬರುತ್ತದೆ, ಹಾಗಾಗಿ ಎಷ್ಟೋ ಜನರಿಗೆ ತಪ್ಪು ಗೊತ್ತೇ ಆಗುವುದಿಲ್ಲ. ಮೋಟರ್ ತಣಿಸುವ ಸಣ್ಣ ರಬ್ಬರ್ ಪೈಪ್ ಇದ್ದರೆ ಮರೆಯದೆ ಸಿಕ್ಕಿಸಿ. ರೆಸಿಸ್ಟರ್ ತಣಿಯುವುದು ಬ್ಲೋವರಿನ ಗಾಳಿಯಿಂದಲೇ, ಅದನ್ನು ಹೊರಗಿಟ್ಟು ಓಡಿಸಬೇಡಿ.

ಅರ್ತ್ ಬೋಲ್ಟಿನ ಬುಡವನ್ನು ಹೊಳೆಯುವವರೆಗೆ ಉಜ್ಜಿ ಬಿಗಿ ಮಾಡಿ, ಮೇಲೆ ಗ್ರೀಸ್ ಹಚ್ಚಿ. ಫುಲ್ ಸ್ಪೀಡಿನಲ್ಲಿ ಮೋಟರಿನ ನೆಗೆಟಿವ್‌ಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ಮಲ್ಟಿಮೀಟರ್ 0.3 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ತ್ ದಾರಿಯಲ್ಲಿ ಇನ್ನೂ ತುಕ್ಕಿದೆ. ಕೊನೆಗೆ, ಬ್ಲೋವರ್ ಆಫ್ ಮಾಡಿ ಕೌಲ್‌ಗೆ ಒಂದು ಕೊಡ ನೀರು ಹೊಯ್ದು ಎರಡೂ ಬದಿಯ ಚಕ್ರದ ಹತ್ತಿರ ಇಳಿಯುತ್ತದೆಯೇ ನೋಡಿ. ಒಳಗಿನ ಮ್ಯಾಟ್ ಹಾಸುವುದು ಅದಾದ ಮೇಲೆ.